ಲಂಬಗೋಡೆಯ ಮೇಲಿನ ವೃತ್ತಿ: ಸ್ಕೇಟ್‌ಬೋರ್ಡ್ ಆಟಗಾರನ ಜೀವನೋಪಾಯವನ್ನು ಕುರಿತು

ಶ್ರಾವಣದ ನಾಗರಪಂಚಮಿಗೆ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಊರುಗಳಲ್ಲಿ ಬೇವಿನ ಮರಕ್ಕೋ ಹುಣಸೆಯ ಮರಕ್ಕೋ ಜೋಕಾಲಿ ಕಟ್ಟುವ ರೂಢಿಯುಂಟು. ಆ ದಿನ ನಾಗನೂರದಂಥ ಊರಿನಲ್ಲಿ ಮರದ ಕೆಳಗೆ ನಿಂತು ನೋಡಿದವರಿಗೆ ಒಂದು ವಿಚಿತ್ರ ಸಂಗತಿ ಗೋಚರಿಸದೆ ಇರದು. ಹಲಗೆಯ ಮೇಲೆ ನಿಂತು ಜೀಕುವವರನ್ನು ಯಾರೂ ನೂಕುತ್ತಿರುವುದಿಲ್ಲ. ಅವರ ಕಾಲಿಗೆ ನೆಲವೂ ತಾಕುವುದಿಲ್ಲ. ಆದರೂ ಅವರು ತಕ್ಕ ಹೊತ್ತಿಗೆ ಮಂಡಿ ಮಡಿಸಿ, ತಕ್ಕ ಹೊತ್ತಿಗೆ ಎದ್ದು ನಿಂತು, ಒಂದೊಂದು ತೂಗಿಗೂ ಎತ್ತರವನ್ನು ಹೆಚ್ಚಿಸಿಕೊಳ್ಳುತ್ತ ಹೋಗುತ್ತಾರೆ. ಇದೇ ತತ್ತ್ವವನ್ನು ಆಧರಿಸಿ ಅಮೇರಿಕೆಯ ಕ್ಯಾಲಿಫೋರ್ನಿಯ ಪ್ರಾಂತದಲ್ಲಿ ಒಂದು ಆಟವೂ, ಆ ಆಟವನ್ನು ಆಧರಿಸಿ ಒಂದು ವೃತ್ತಿಯೂ ಹುಟ್ಟಿಕೊಂಡವು. ನಾಲ್ಕು ಗಾಲಿಗಳ ಹಲಗೆಯನ್ನೇರಿ ನೆಟ್ಟಗೆ ನಿಂತ ಗೋಡೆಯನ್ನು ಹತ್ತಿ, ಅದರ ಅಂಚನ್ನು ದಾಟಿ ಗಾಳಿಯಲ್ಲಿ ತಿರುಗಿ, ಮತ್ತೆ ಅದೇ ಗೋಡೆಗೆ ಇಳಿಯುವ ಈ ಆಟಕ್ಕೆ ಆಡುವವರು 'ವರ್ಟ್' ಎಂದು ಹೆಸರಿಟ್ಟಿದ್ದಾರೆ. ಲಂಬ ಎಂಬುದೇ ಅದರ ಅರ್ಥ.

ಇಂಥ ವಿಷಯವು ವಿಶ್ವವಿದ್ಯಾಲಯದ ಸಂಚಿಕೆಗೆ ತಕ್ಕುದೇ ಎಂದು ಕೆಲವು ಅಧ್ಯಾಪಕ ಮಿತ್ರರು ಸಂದೇಹಪಡಬಹುದು. ನಮ್ಮ ವಿದ್ಯಾರ್ಥಿಗಳು ಮೊಬೈಲಿನ ಪರದೆಯ ಮೇಲೆ ಈ ಆಟವನ್ನು ದಿನವೂ ನೋಡುತ್ತಾರೆ. ಆದರೆ ಆಡುವವನು ಅನ್ನವನ್ನು ಹೇಗೆ ಗಳಿಸುತ್ತಾನೆ, ಯಾವಾಗ ಕಳೆದುಕೊಳ್ಳುತ್ತಾನೆ ಎಂಬುದನ್ನು ಆ ಚಿತ್ರಗಳು ತಿಳಿಸುವುದಿಲ್ಲ. ಪ್ರಸ್ತುತ ಲೇಖನದಲ್ಲಿ ನಾವು ಹೇಳಬಯಸುವುದಿಷ್ಟು: ಈ ವೃತ್ತಿಯು ಆಟಗಾರನ ಕೌಶಲದ ಮೇಲೆ ಎಷ್ಟು ನಿಂತಿದೆಯೋ, ಅವನು ಏರುವ ಗೋಡೆ ಯಾರದು ಎಂಬುದರ ಮೇಲೂ ಅಷ್ಟೇ ನಿಂತಿದೆ. ಇದನ್ನು ಮನಗಾಣಲು ಮೊದಲು ಗೋಡೆಯನ್ನೇ ಪರಿಶೀಲಿಸಬೇಕು.

ಗೋಡೆಯ ಮೂಲವು ಒಂದು ಬರಗಾಲದಲ್ಲಿದೆ. ಮೊದಲು ಈ ಹಲಗೆಗಳಿಗೆ ಜೇಡಿಯ ಇಲ್ಲವೆ ಲೋಹದ ಗಾಲಿಗಳಿದ್ದವು. ಸಣ್ಣ ಹರಳು ಅಡ್ಡ ಬಂದರೂ ಗಾಲಿ ನಿಂತು ಹುಡುಗನು ಮುಗ್ಗರಿಸುತ್ತಿದ್ದನು. 1970ರ ದಶಕದ ಆರಂಭದಲ್ಲಿ ಫ್ರಾಂಕ್ ನಾಸ್‌ವರ್ದಿ ಎಂಬಾತನು ಪಾಲಿಯುರಿಥೇನಿನ ಗಾಲಿಗಳನ್ನು ಬಳಕೆಗೆ ತಂದನು. ಇವು ನೆಲವನ್ನು ಹಿಡಿದುಕೊಳ್ಳುವ, ಆದರೂ ಸರಾಗವಾಗಿ ಉರುಳುವ ಗಾಲಿಗಳು. ಅನಂತರ 1976-77ರಲ್ಲಿ ಕ್ಯಾಲಿಫೋರ್ನಿಯಕ್ಕೆ ತೀವ್ರ ಅನಾವೃಷ್ಟಿ ತಟ್ಟಿತು. ಶ್ರೀಮಂತರ ಹಿತ್ತಿಲ ಈಜುಕೊಳಗಳು ನೀರಿಲ್ಲದೆ ಬರಿದಾದವು. ಅಲ್ಲಿಯ ಕೊಳಗಳ ತಳವು ಗೋಡೆಗೆ ಮೂಲೆಯಾಗಿ ಸೇರದೆ ಬಟ್ಟಲಿನಂತೆ ಬಾಗಿ ಸೇರುತ್ತದೆ. ಕಡಲಲೆಗಳ ಮೇಲೆ ಹಲಗೆಯಾಟ ಆಡಿ ಬಲ್ಲ ಹುಡುಗರು ಬೇಲಿ ಹಾರಿ ಈ ಬರಿಗೊಳಗಳಿಗೆ ಇಳಿದು, ಬಾಗಿದ ಗೋಡೆಯನ್ನೇ ಅಲೆಯೆಂದು ಭಾವಿಸಿ ಏರತೊಡಗಿದರು. ಏರಿ ಏರಿ ಒಂದು ದಿನ ಅಂಚನ್ನೂ ದಾಟಿದರು. ಪರರ ಸ್ವತ್ತಿನಲ್ಲಿ, ಅಪ್ಪಣೆಯಿಲ್ಲದೆ ಆರಂಭವಾದ ಆಟವಿದು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಕೊಳವನ್ನು ಅನುಕರಿಸಿ ಮರದ ಚೌಕಟ್ಟಿನ ಮೇಲೆ ಪ್ಲೈವುಡ್ಡು ಹೊದಿಸಿ ಕಟ್ಟಿದ ರಚನೆಗೆ ಹಾಫ್‌ಪೈಪ್ ಎಂದು ಹೆಸರು. ನಾವು ಅದನ್ನು ಅರ್ಧನಳಿಗೆ ಎಂದು ಕರೆಯೋಣ. ಒಂದು ದೊಡ್ಡ ನಳಿಗೆಯನ್ನು ಉದ್ದಕ್ಕೆ ಸೀಳಿ, ಎರಡು ಕಾಲುಭಾಗಗಳನ್ನು ಎದುರುಬದುರಾಗಿರಿಸಿ, ನಡುವೆ ಸಪಾಟಾದ ನೆಲವನ್ನು ಕೂಡಿಸಿದರೆ ಅದರ ಆಕಾರ ದೊರೆಯುತ್ತದೆ. ಉದಾಹರಣೆಗೆ 13 ಅಡಿ ಎತ್ತರದ ಅರ್ಧನಳಿಗೆಯನ್ನು ತೆಗೆದುಕೊಳ್ಳೋಣ. ಅದರಲ್ಲಿ 11 ಅಡಿಯವರೆಗೆ ಬಾಗು. ಮೇಲಿನ 2 ಅಡಿ ಶುದ್ಧ ಲಂಬ. ಅಂಚಿಗೆ ಒಂದು ಉಕ್ಕಿನ ಕೊಳವೆ.

ಅಂಚಿನಿಂದ ಕೆಳಗಿಳಿದ ಆಟಗಾರನು ಬಾಗಿನ ತಳವನ್ನು ಮುಟ್ಟುವಾಗ ಅವನ ವೇಗವು ಗಂಟೆಗೆ ಸುಮಾರು 32 ಕಿಲೋಮೀಟರಿನಷ್ಟಾಗುತ್ತದೆ. ಆ ಕ್ಷಣದಲ್ಲಿ ಹಲಗೆಯು ಅವನ ಪಾದಗಳನ್ನು ಒತ್ತುವ ಬಲವನ್ನು ಯಾವ ವಿದ್ಯಾರ್ಥಿಯಾದರೂ ಲೆಕ್ಕ ಹಾಕಬಹುದು: ಎತ್ತರದ ಇಮ್ಮಡಿಯನ್ನು ತ್ರಿಜ್ಯದಿಂದ ಭಾಗಿಸಿ ಒಂದನ್ನು ಕೂಡಿಸಬೇಕು. ನಮ್ಮ ಉದಾಹರಣೆಯಲ್ಲಿ 26ನ್ನು 11ರಿಂದ ಭಾಗಿಸಿ 1 ಕೂಡಿಸಿದರೆ ಹತ್ತಿರ ಹತ್ತಿರ 3.4 ಬರುತ್ತದೆ. ಎಂದರೆ 70 ಕಿಲೋ ತೂಕದವನು ಅಲ್ಲಿ 235 ಕಿಲೋ ತೂಗಿದಂತೆ ಆಗುತ್ತದೆ. ತಳದಲ್ಲಿ ಅವನ ಮಂಡಿಗಳು ಕುಸಿಯದಿರುವುದೇ ಮೊದಲ ವಿದ್ಯೆ.

ಇನ್ನು ಜೋಕಾಲಿಯ ವಿಷಯ. ಘರ್ಷಣೆಯಿಂದಾಗಿ ಪ್ರತಿ ಸಲವೂ ಸ್ವಲ್ಪ ಶಕ್ತಿ ವ್ಯಯವಾಗುವುದರಿಂದ, ಸುಮ್ಮನೆ ನಿಂತವನು ಎದುರು ಗೋಡೆಯ ಅಂಚನ್ನು ತಲುಪಲಾರನು. ಅಂಚಿಗಿಂತ ಆರಡಿ ಮೇಲೆ ಹಾರುವ ಮಾತು ಹಾಗಿರಲಿ. ಈ ಶಕ್ತಿ ಎಲ್ಲಿಂದ ಬರಬೇಕು? ಬಾಗನ್ನು ಪ್ರವೇಶಿಸುವಾಗ ಅವನು ಮಂಡಿ ಮಡಿಸಿರುತ್ತಾನೆ. ಬಾಗಿನೊಳಗೆ ಸಾಗುತ್ತ ಬಲವಾಗಿ ಎದ್ದು ನಿಲ್ಲುತ್ತಾನೆ. ಆಗ ಅವನ ತೂಕ ಮೂರು ಪಟ್ಟಾಗಿರುವುದರಿಂದ ಅದನ್ನು ಒಂದಡಿ ಮೇಲೆತ್ತಲು ಮೂರು ಪಟ್ಟು ಕೆಲಸ ಮಾಡಬೇಕು. ಆ ಕೆಲಸವೆಲ್ಲ ಅವನ ಚಲನೆಗೆ ಸೇರುತ್ತದೆ. ಮೇಲೆ, ತೂಕ ಇಲ್ಲವೆಂಬಷ್ಟಾದ ಎಡೆಯಲ್ಲಿ, ಅವನು ಮತ್ತೆ ಮಡಿಸಿಕೊಳ್ಳುತ್ತಾನೆ. ಅಲ್ಲಿ ಇಳಿಸುವುದಕ್ಕೆ ತೆರಬೇಕಾದುದು ಅತ್ಯಲ್ಪ. ದುಬಾರಿಯಾದ ಕಡೆ ಎದ್ದು, ಅಗ್ಗವಾದ ಕಡೆ ಕೂಡುವ ಈ ವ್ಯಾಪಾರದಲ್ಲಿ ಪ್ರತಿ ಸಲವೂ ಲಾಭ ಉಳಿಯುತ್ತದೆ. ಪಂಚಮಿಯ ಜೋಕಾಲಿಯಲ್ಲಿ ತಳಕ್ಕೆ ಬಂದಾಗ ಎದ್ದು, ತುದಿಯಲ್ಲಿ ಕುಕ್ಕರಿಸುವ ಹುಡುಗಿ ಮಾಡುವುದೂ ಇದನ್ನೇ. ಒಂದು ಭೇದವುಂಟು. ಅರ್ಧನಳಿಗೆಯ ಸಪಾಟು ನೆಲದ ಮೇಲೆ ಎದ್ದರೆ ಈ ಲಾಭವಿಲ್ಲ, ಅಲ್ಲಿ ತೂಕವು ಇದ್ದಷ್ಟೇ ಇರುತ್ತದೆ. ಸಪಾಟು ನೆಲವು ಉಸಿರು ತಿರುಗಿಸಿಕೊಳ್ಳಲು, ಕಾಲು ಸರಿಪಡಿಸಿಕೊಳ್ಳಲು ಮಾತ್ರ. ಮೊದಮೊದಲಿನ ಅರ್ಧನಳಿಗೆಗಳಿಗೆ ಅದು ಇರಲೇ ಇಲ್ಲ.

ಅಂಚಿನಿಂದ ಆರಡಿ ಮೇಲೆ ಹೋದವನಿಗೆ ಗಾಳಿಯಲ್ಲಿ ಸಿಗುವ ಕಾಲ ಒಂದೂಕಾಲು ಸೆಕೆಂಡಿಗೂ ತುಸು ಕಡಿಮೆ. ಗಾಳಿಯಲ್ಲಿರುವಾಗ ತಿರುಗುವಿಕೆಯನ್ನು ಹೊಸದಾಗಿ ಸೃಷ್ಟಿಸಲಾಗದು. ಗಾಲಿಗಳು ಗೋಡೆಯನ್ನು ಬಿಡುವ ಮುನ್ನವೇ ಹೆಗಲನ್ನು ತಿರುಚಿ ಅದನ್ನು ಪಡೆದಿರಬೇಕು. ಆಮೇಲೆ ದೇಹವನ್ನು ಮುದುಡಿಕೊಂಡಷ್ಟೂ ಸುತ್ತು ಬಿರುಸಾಗುತ್ತದೆ. ಹತ್ತುವಾಗ ಮುಖ ಮೇಲಕ್ಕೆ, ಇಳಿಯುವಾಗ ಕೆಳಕ್ಕೆ ಇರಬೇಕಾದುದರಿಂದ ಅರ್ಧ ಸುತ್ತು ಸಹಜವಾದುದು. ಅದಕ್ಕೆ ಒಂದೊಂದೇ ಪೂರ್ಣ ಸುತ್ತನ್ನು ಕೂಡಿಸುತ್ತ ಹೋದರೆ 540 ಅಂಶ, 900 ಅಂಶ ಎಂಬ ಎಣಿಕೆಗಳು ಬರುತ್ತವೆ. 720 ಅಂಶ ತಿರುಗಿದವನು ಹಿಮ್ಮುಖವಾಗಿ ಇಳಿಯುತ್ತಾನೆ.

ಇಷ್ಟು ಎತ್ತರದಿಂದ ಬಿದ್ದವನ ಕಾಲು ಏಕೆ ಮುರಿಯುವುದಿಲ್ಲ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಗೋಡೆಯು ಅವನನ್ನು ತಡೆಯುವುದಿಲ್ಲ, ಅವನ ಜೊತೆಯಲ್ಲೇ ಸಾಗಿ ಮೆಲ್ಲನೆ ದಿಕ್ಕು ಬದಲಿಸುತ್ತದೆ. ಲಂಬವಾಗಿ ಬೀಳುವವನು ಲಂಬವಾದ ಗೋಡೆಗೆ ಸೇರುವಾಗ ಆಘಾತವಿಲ್ಲ. ಗೋಡೆಯಿಂದ ಎರಡಡಿ ದೂರ ಸರಿದು ಬಿದ್ದರೆ ಕಥೆಯೇ ಬೇರೆ. ಆದುದರಿಂದ ಹೊಸಬನಿಗೆ ಕಲಿಸುವ ಮೊದಲ ಪಾಠ ಏರುವುದಲ್ಲ. ಹಲಗೆಯನ್ನು ಬಿಟ್ಟು, ಪ್ಲಾಸ್ಟಿಕ್ಕಿನ ಕವಚ ಕಟ್ಟಿದ ಮಂಡಿಗಳ ಮೇಲೆ ಬಾಗಿನುದ್ದಕ್ಕೂ ಜಾರಿ ಬೀಳುವುದು.

ಈಗ ವೃತ್ತಿಗೆ ಬರೋಣ. ಟೋನಿ ಹಾಕ್ ಎಂಬಾತನ ಜೀವನವನ್ನು ನಾವು ಉದಾಹರಣೆಯಾಗಿ ಆರಿಸಿಕೊಂಡಿರುವುದು ಅವನು ಪ್ರಸಿದ್ಧನೆಂಬ ಕಾರಣಕ್ಕಲ್ಲ. ಈ ವೃತ್ತಿಯ ಏರಿಳಿತಗಳೆಲ್ಲ ಆ ಒಂದೇ ಜೀವನದಲ್ಲಿ ಕಾಣಸಿಗುತ್ತವೆಂಬ ಕಾರಣಕ್ಕೆ. ಆತನು 1968ರ ಮೇ 12ರಂದು ಸ್ಯಾನ್ ಡಿಯೇಗೊ ನಗರದಲ್ಲಿ ಜನಿಸಿದನು. ಒಂಬತ್ತನೆಯ ವಯಸ್ಸಿನಲ್ಲಿ ಅಣ್ಣನ ಹಳೆಯ ಹಲಗೆ ಕೈಗೆ ಬಂದಿತು. ಮೈಯಲ್ಲಿ ತೂಕವಿಲ್ಲದ ಹುಡುಗನಾದ ಅವನಿಗೆ ಇತರರಂತೆ ಅಂಚಿನಲ್ಲೇ ಹಲಗೆಯನ್ನು ಕೈಯಿಂದ ಹಿಡಿದು ಹಾರುವುದು ಸಾಧ್ಯವಾಗಲಿಲ್ಲ. ಕೈ ಹಚ್ಚದೆ ಕಾಲಿನಿಂದಲೇ ಹಲಗೆಯನ್ನು ಎಬ್ಬಿಸುವ ತಂತ್ರವನ್ನು ಫ್ಲೋರಿಡದ ಅಲನ್ ಗೆಲ್ಫಂಡ್ 1970ರ ದಶಕದ ಕೊನೆಗೆ ರೂಢಿಸಿದ್ದನು. ಹಾಕ್ ಅದನ್ನು ಲಂಬಗೋಡೆಯ ಹಾರಾಟಕ್ಕೆ ಅಳವಡಿಸಿಕೊಂಡನು. ಕೊರತೆಯೇ ಅವನ ಶೈಲಿಯಾಯಿತು. ಹಿರಿಯ ಆಟಗಾರರು ಇದನ್ನು ಮೋಸವೆಂದು ಹಳಿದದ್ದೂ ಉಂಟು.

1982ರಲ್ಲಿ, 14ನೆಯ ವಯಸ್ಸಿನಲ್ಲಿ, ಆತನು ವೃತ್ತಿಪರನಾದನು. ಈ ಪದವು ವಿವರಣೆಯನ್ನು ಬೇಡುತ್ತದೆ. ವಕೀಲನಿಗೆ ಸನದು, ವೈದ್ಯನಿಗೆ ಪದವಿ ಇರುವಂತೆ ಇಲ್ಲಿ ಯಾವ ಪ್ರಮಾಣಪತ್ರವೂ ಇಲ್ಲ. ಹಲಗೆ ತಯಾರಿಸುವ ಕಂಪನಿಯೊಂದು ಆಟಗಾರನ ಹೆಸರನ್ನು ಅಚ್ಚು ಹಾಕಿದ ಹಲಗೆಯನ್ನು ಮಾರುಕಟ್ಟೆಗೆ ತರುವುದೇ ಆತನು ವೃತ್ತಿಪರನೆಂಬುದಕ್ಕೆ ಮುದ್ರೆ. ಮಾರಾಟವಾದ ಪ್ರತಿಯೊಂದು ಹಲಗೆಗೂ ಇಂತಿಷ್ಟು ರಾಯಧನ. ಹಾಕನ ಹಿಂದೆ ನಿಂತದ್ದು ಪೊವೆಲ್ ಪೆರಾಲ್ಟ ಎಂಬ ಕಂಪನಿ. ತನಗೆ ದೊರೆತ ಮೊದಲ ರಾಯಧನದ ಚೆಕ್ಕು 85 ಸೆಂಟಿನದೆಂದು ಆತನೇ ಹೇಳಿಕೊಂಡಿದ್ದಾನೆ. ಮುಂದಿನ ಕೆಲವೇ ವರ್ಷಗಳಲ್ಲಿ ಪರಿಸ್ಥಿತಿ ಬದಲಾಗಿ, ಪ್ರೌಢಶಾಲೆಯ ವಿದ್ಯಾಭ್ಯಾಸ ಮುಗಿಯುವ ಮೊದಲೇ, 17ನೆಯ ವಯಸ್ಸಿನಲ್ಲಿ, ಆತನು ಸ್ವಂತ ಮನೆಯನ್ನು ಕೊಂಡನು. ತಂದೆ ಫ್ರಾಂಕ್ ಹಾಕ್ 1983ರಲ್ಲಿ ರಾಷ್ಟ್ರೀಯ ಸ್ಕೇಟ್‌ಬೋರ್ಡ್ ಸಂಘವನ್ನು ಸ್ಥಾಪಿಸಿದ್ದರಿಂದ ಸ್ಪರ್ಧೆಗಳಿಗೆ ಒಂದು ಕಟ್ಟುಪಾಡು ದೊರೆತಿತ್ತು. 1985ರಲ್ಲಿ ಹಾಕ್ 720 ಅಂಶಗಳ ಸುತ್ತನ್ನು ಸಾಧಿಸಿದನು. ವೃತ್ತಿಜೀವನದ 103 ಸ್ಪರ್ಧೆಗಳಲ್ಲಿ 73ರಲ್ಲಿ ಅವನೇ ಮೊದಲಿಗನೆಂದು ಲೆಕ್ಕವಿದೆ. ಆದರೆ ಬಹುಮಾನದ ಹಣ ಅವನ ಆದಾಯದ ದೊಡ್ಡ ಪಾಲಾಗಿರಲಿಲ್ಲ. ಗೆಲುವು ಹೆಸರನ್ನು ತರುತ್ತಿತ್ತು. ಹೆಸರು ಹಲಗೆಯನ್ನು ಮಾರುತ್ತಿತ್ತು.

1990ರ ದಶಕ ಕಾಲಿಡುತ್ತಲೇ ಇದೆಲ್ಲ ಕುಸಿಯಿತು. ಕುಸಿತಕ್ಕೆ ಕಾರಣಗಳು ಹಲವು. 1970ರ ದಶಕದ ಕೊನೆಗೇ ಖಾಸಗಿ ಸ್ಕೇಟ್ ಉದ್ಯಾನಗಳಲ್ಲಿ ಹೆಚ್ಚಿನವು ಅಪಘಾತ ವಿಮೆಯ ಭಾರವನ್ನು ತಾಳಲಾರದೆ ಮುಚ್ಚತೊಡಗಿದ್ದವು. ಹಾಕ್ ಬೆಳೆದ ಡೆಲ್ ಮಾರ್ ಉದ್ಯಾನವೂ 1987ರಲ್ಲಿ ನೆಲಸಮವಾಯಿತು. ಮರದ ಅರ್ಧನಳಿಗೆಗೆ ವಿಶಾಲವಾದ ಜಾಗ ಬೇಕು, ಮಳೆಗೆ ಪ್ಲೈವುಡ್ಡು ಕೊಳೆಯುತ್ತದೆ, ನೆರೆಯವರು ಸದ್ದಿಗೆ ದೂರುತ್ತಾರೆ. ಮೇಲಾಗಿ ಆರ್ಥಿಕ ಮುಗ್ಗಟ್ಟು. ಇದೇ ಹೊತ್ತಿಗೆ ಬೀದಿಯ ಮೆಟ್ಟಿಲು, ಕಟ್ಟೆ, ಕಂಬಿಗಳ ಮೇಲೆ ಆಡುವ ಇನ್ನೊಂದು ಬಗೆ ಬಲಗೊಂಡಿತು. ಅದಕ್ಕೆ ಗೋಡೆ ಬೇಡ, ಖರ್ಚು ಬೇಡ. ಕಂಪನಿಗಳು ಬೀದಿಯ ಹುಡುಗರತ್ತ ತಿರುಗಿದವು. ಇಪ್ಪತ್ತೆರಡು-ಇಪ್ಪತ್ತಮೂರರ ವಯಸ್ಸಿನಲ್ಲಿ ಲೋಕದ ಮೊದಲಿಗನಾಗಿದ್ದವನು ದಿನಕ್ಕೆ 5 ಡಾಲರಿನಲ್ಲಿ ಊಟ ಮುಗಿಸುವ ಸ್ಥಿತಿಗೆ ಬಂದನು. ಅವನ ಕೌಶಲದಲ್ಲಿ ಒಂದು ಅಂಶವೂ ಕಡಿಮೆಯಾಗಿರಲಿಲ್ಲ.

ನಮ್ಮ ಭಾಗದ ವಾಚಕರಿಗೆ ಇಲ್ಲಿ ಪೈಲ್ವಾನರ ನೆನಪಾಗುವುದು ಸಹಜ. ಕೊಲ್ಹಾಪುರದ ಶಾಹೂ ಮಹಾರಾಜರು 1912ರಲ್ಲಿ ಖಾಸಬಾಗ ಮೈದಾನವನ್ನು ಕಟ್ಟಿಸಿ ಮಲ್ಲರಿಗೆ ಖುರಾಕು ಒದಗಿಸಿದರು. ಅವರ ಕಣದ ಕೀರ್ತಿಗೆ ಬೆಳಗಾವಿ ಸೀಮೆಯವರೂ ಮನಸೋತಿದ್ದರು. 1949ರ ಮಾರ್ಚಿನಲ್ಲಿ ಆ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ ಅರಮನೆಯ ಆಶ್ರಯ ನಿಂತಿತು. ಪೋಷಕನು ಮರೆಯಾದಾಗ ಕಲೆಗಾರನು ಬಡವಾಗುವುದು ಎರಡು ಕಡೆಯೂ ಸಮಾನ. ಆದರೆ ಸಾಮ್ಯವನ್ನು ಇದಕ್ಕಿಂತ ಮುಂದೆ ಎಳೆಯುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಕುಸ್ತಿಯ ಕಣಕ್ಕೆ ಬೇಕಾದುದು ಹದಮಾಡಿದ ಮಣ್ಣು. ಜಾತ್ರೆಯ ದಿನ ಯಾವ ಊರಾದರೂ ಅದನ್ನು ಸಿದ್ಧಪಡಿಸಬಲ್ಲದು. ಅರಸನು ಹೋದರೂ ಜಾತ್ರೆಗಳು ಉಳಿದವು. ಅವುಗಳ ಆಸರೆಯಲ್ಲಿ ಕುಸ್ತಿಯೂ ಉಳಿಯಿತು. ಲಂಬಗೋಡೆಯ ಆಟಗಾರನಿಗೆ ಇಂಥ ಜಾತ್ರೆ ಇರಲಿಲ್ಲ. ಗೋಡೆ ಬಿದ್ದಲ್ಲಿ ಅವನ ವಿದ್ಯೆಯನ್ನು ತೋರಿಸಲು ಎಡೆಯೇ ಇಲ್ಲ.

ಹಾಕ್ ಮನೆಯ ಮೇಲೆ ಪುನಃ ಸಾಲವೆತ್ತಿ, 1992ರಲ್ಲಿ ಪೇರ್ ವೆಲಿಂಡರನೊಡನೆ ಬರ್ಡ್‌ಹೌಸ್ ಎಂಬ ಸ್ವಂತ ಕಂಪನಿಯನ್ನು ತೆರೆದನು. ಅವನ ಸಮಬಲನಾಗಿದ್ದ ಕ್ರಿಶ್ಚಿಯನ್ ಹೊಸೋಯಿಯ ದಾರಿ ಬೇರೆಯಾಯಿತು. ಪ್ರೇಕ್ಷಕರ ಮೆಚ್ಚುಗೆಯಲ್ಲಿ ಹಾಕನಿಗಿಂತ ಒಂದು ಕೈ ಮೇಲೆಂದು ಹಲವರು ಎಣಿಸುತ್ತಿದ್ದ ಆತನು ಮಾದಕದ್ರವ್ಯದ ವ್ಯಸನಕ್ಕೆ ಬಿದ್ದು, 2000ದಲ್ಲಿ ಸೆರೆಯಾಗಿ, 2004ರಲ್ಲಿ ಬಿಡುಗಡೆ ಹೊಂದಿ, ಮುಂದೆ ಪಾದ್ರಿಯಾದನು. ಈ ಇಬ್ಬರ ಅಂತರವನ್ನು ಗುಣಭೇದವೆಂದಷ್ಟೇ ವಿವರಿಸುವುದು ಸುಲಭ. ತಾನೇ ಸಂಘವನ್ನು ಕಟ್ಟಿದ ತಂದೆ ಎಲ್ಲರಿಗೂ ಇರುವುದಿಲ್ಲವೆಂಬುದನ್ನು ಮರೆಯಲಾಗದು.

ಗೋಡೆಯನ್ನು ಮತ್ತೆ ಎಬ್ಬಿಸಿದ್ದು ದೂರದರ್ಶನ. 1995ರಲ್ಲಿ ಇ.ಎಸ್.ಪಿ.ಎನ್. ಸಂಸ್ಥೆಯು ರೋಡ್ ಐಲೆಂಡಿನಲ್ಲಿ ಸಾಹಸಕ್ರೀಡೆಗಳ ಕೂಟವೊಂದನ್ನು ಏರ್ಪಡಿಸಿತು. ಅದೇ ಮುಂದೆ ಎಕ್ಸ್ ಗೇಮ್ಸ್ ಎನಿಸಿತು. ಎತ್ತರದ ಗೋಡೆ, ಒಂದೇ ಎಡೆಯಲ್ಲಿ ನಡೆಯುವ ಆಟ, ಅತ್ತಿತ್ತ ತೂಗುವ ಲಯ, ಇವೆಲ್ಲ ಕ್ಯಾಮರಾಕ್ಕೆ ಅನುಕೂಲವಾಗಿದ್ದವು. 1999ರ ಜೂನ್ 27ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಸ್ಪರ್ಧೆಯ ಅವಧಿ ಮುಗಿದ ಮೇಲೂ ಮತ್ತೆ ಮತ್ತೆ ಬಿದ್ದೆದ್ದು, ಹಾಕ್ 900 ಅಂಶಗಳ ಸುತ್ತನ್ನು ಪೂರೈಸಿದನು. ಸ್ಪರ್ಧೆಯೊಂದರಲ್ಲಿ ಅದನ್ನು ಸಾಧಿಸಿದ ಮೊದಲಿಗನವನು. ಅದಕ್ಕಾಗಿ ಸುಮಾರು ಹತ್ತು ವರ್ಷ ಪ್ರಯತ್ನ ನಡೆಸಿದ್ದನು. ಅದೇ ವರ್ಷ ಅವನ ಹೆಸರಿನ ವಿಡಿಯೋ ಆಟವೂ ಹೊರಬಂದಿತು. ಅದರ ಹಕ್ಕಿಗೆ ಒಂದೇ ಗಂಟಾಗಿ 5 ಲಕ್ಷ ಡಾಲರು ಕೊಡುವೆವೆಂದು ಬಂದ ಸೂಚನೆಯನ್ನು ಆತನು ನಿರಾಕರಿಸಿ ರಾಯಧನವನ್ನೇ ಆರಿಸಿಕೊಂಡಿದ್ದನು. ಆಟವು ಅಪಾರವಾಗಿ ಮಾರಾಟವಾಯಿತು. 31ನೆಯ ವಯಸ್ಸಿನಲ್ಲಿ ನಿಯತ ಸ್ಪರ್ಧೆಯಿಂದ ನಿವೃತ್ತನಾದ ಮೇಲೆಯೇ ಅವನ ಹೆಚ್ಚಿನ ಸಂಪಾದನೆ ಆರಂಭವಾಯಿತೆಂಬುದು ಈ ವೃತ್ತಿಯ ವೈಚಿತ್ರ್ಯ.

ಇದಕ್ಕಿಂತ ಕಡಿಮೆ ಪ್ರಸಿದ್ಧವಾದ, ಆದರೆ ನಮಗೆ ಹೆಚ್ಚು ಮಹತ್ತ್ವದ್ದೆಂದು ತೋರುವ ಘಟನೆಯೊಂದಿದೆ. ಕ್ಯಾಲಿಫೋರ್ನಿಯದಲ್ಲಿ 1998ರಿಂದ ಜಾರಿಗೆ ಬಂದ ಶಾಸನವು ಸ್ಕೇಟ್‌ಬೋರ್ಡನ್ನು ಅಪಾಯಕರ ಮನರಂಜನೆಗಳ ಪಟ್ಟಿಗೆ ಸೇರಿಸಿತು. ಹೆಸರು ಕೇಳಿದರೆ ನಿಷೇಧದಂತೆ ತೋರುತ್ತದೆ, ಪರಿಣಾಮ ತದ್ವಿರುದ್ಧವಾದುದು. ಅಪಾಯವನ್ನು ಅರಿತೇ ಆಡಿದವನು ಬಿದ್ದರೆ ನಗರಸಭೆಯನ್ನು ಹೊಣೆಯಾಗಿಸುವುದು ಇದರಿಂದ ಕಠಿಣವಾಯಿತು. ನಗರಗಳು ಧೈರ್ಯದಿಂದ ಸಾರ್ವಜನಿಕ ಉದ್ಯಾನಗಳನ್ನು ಕಟ್ಟಿದವು. 2002ರಲ್ಲಿ ಹಾಕ್ ಸ್ಥಾಪಿಸಿದ ಪ್ರತಿಷ್ಠಾನವೂ ಬಡ ಬಡಾವಣೆಗಳಲ್ಲಿ ಇಂಥ ನೂರಾರು ಉದ್ಯಾನಗಳಿಗೆ ನೆರವಾಗಿದೆ. ಆದರೆ ಅಲ್ಲಿ ಕಟ್ಟಿದ್ದು ಬಹುಪಾಲು ಕಾಂಕ್ರೀಟಿನ ತಗ್ಗು ಬಟ್ಟಲುಗಳು. ಲಂಬವಾದ ದೊಡ್ಡ ಗೋಡೆ ಅಪರೂಪ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಸ್ಕೇಟ್‌ಬೋರ್ಡ್ ಸೇರಿದಾಗ ಬೀದಿ ಮತ್ತು ಉದ್ಯಾನ ಎಂಬ ಎರಡು ಬಗೆಗಳಿಗೆ ಮಾತ್ರ ಸ್ಥಾನ ದೊರೆಯಿತು. ಆಟಕ್ಕೆ ಲೋಕಮಾನ್ಯತೆ ತಂದ ವರ್ಟ್ ಹೊರಗೇ ಉಳಿಯಿತು.

ಸ್ತ್ರೀಯರಿಗೆ ಈ ಗೋಡೆ ಇನ್ನೂ ಎತ್ತರವಾಗಿತ್ತು. ಕಾರಾ-ಬೆತ್ ಬರ್ನ್‌ಸೈಡ್ ವರ್ಷಗಟ್ಟಲೆ ಪುರುಷರ ನಡುವೆಯೇ ಆಡಿ, 2003ರಲ್ಲಿ ಎಕ್ಸ್ ಗೇಮ್ಸ್‌ನ ಮಹಿಳಾ ವರ್ಟ್ ಸ್ಪರ್ಧೆಯನ್ನು ಗೆದ್ದಳು. ಆಕೆಯೂ ಸಂಗಡಿಗರೂ ಒಗ್ಗಟ್ಟಾಗಿ ಹೋರಾಡಿದ ಫಲವಾಗಿ ಆ ದಶಕದ ಕೊನೆಗೆ ಬಹುಮಾನದ ಹಣ ಪುರುಷರ ಸಮಕ್ಕೆ ಬಂದಿತು. ಆಸ್ಟ್ರೇಲಿಯದ ಅರೀಸಾ ಟ್ರೂ 2023ರಲ್ಲಿ 720 ಅಂಶಗಳನ್ನೂ 2024ರಲ್ಲಿ 900 ಅಂಶಗಳನ್ನೂ ತಿರುಗಿದ ಮೊದಲ ಮಹಿಳೆಯೆನಿಸಿದಳು. ಆಗ ಅವಳಿಗೆ ಇನ್ನೂ 14 ವರ್ಷ. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಒಲಿಂಪಿಕ್ ಚಿನ್ನವನ್ನೂ ಪಡೆದಳು. ಆದರೆ ಚಿನ್ನ ದೊರೆತದ್ದು ಉದ್ಯಾನ ವಿಭಾಗದಲ್ಲಿ. ಲಂಬಗೋಡೆಗೆ ಅಲ್ಲಿ ಪದಕವೇ ಇರಲಿಲ್ಲ.

ದೇಹವು ತೆರುವ ಬೆಲೆಯನ್ನು ಹೇಳದೆ ಈ ವಿವೇಚನೆ ಪೂರ್ಣವಾಗದು. 2005ರ ಜುಲೈಯಲ್ಲಿ ಡ್ಯಾನಿ ವೇ ಚೀನದ ಮಹಾಗೋಡೆಯನ್ನು ಹಲಗೆಯ ಮೇಲೆ ಹಾರಿ ದಾಟಿದಾಗ, ಅಭ್ಯಾಸದ ವೇಳೆ ಪೆಟ್ಟಾಗಿದ್ದ ಹರಡಿನ ಮೇಲೆಯೇ ಹಾರಿದ್ದನು. ಹಾಕ್ 2016ರಲ್ಲಿ, 48ರ ವಯಸ್ಸಿನಲ್ಲಿ, 900ನ್ನು ಕೊನೆಯ ಸಲವೆಂದು ಮಾಡಿ ತೋರಿಸಿದನು; 2022ರ ಮಾರ್ಚಿನಲ್ಲಿ ತೊಡೆಯ ಮೂಳೆ ಮುರಿದುಕೊಂಡನು. ಗುಣಮುಖನಾಗಿ ಮತ್ತೆ ಗೋಡೆಗೆ ಮರಳಿದನೆಂಬುದನ್ನು ಕೆಲವರು ಶೌರ್ಯವೆಂದು ಕೊಂಡಾಡುತ್ತಾರೆ. ನಾವು ಅಷ್ಟು ನಿಶ್ಚಿತವಾಗಿ ಹೇಳಲಾರೆವು. ಹದಿನಾಲ್ಕರಿಂದ ಬೇರೆ ಕೆಲಸವನ್ನೇ ಅರಿಯದವನಿಗೆ ಅದು ರೂಢಿಯೂ ಇರಬಹುದು.

ನಮ್ಮ ನಾಡಿನ ಮಾತು. ಬೆಂಗಳೂರಿನಲ್ಲಿ ಹೋಲಿಸ್ಟೋಕ್ಡ್ ಎಂಬ ಯುವಕರ ಕೂಟವು 2013ರಲ್ಲಿ ಲಿವೈಸ್ ಕಂಪನಿಯ ನೆರವಿನಿಂದ, ಹೊರದೇಶಗಳಿಂದ ಬಂದ ಗೆಳೆಯರೊಡನೆ ಸೇರಿ, ತಮ್ಮ ಕೈಯಾರೆ ಕಾಂಕ್ರೀಟು ಎರೆದು ಒಂದು ಸ್ಕೇಟ್ ಅಂಗಳವನ್ನು ಕಟ್ಟಿತು. ಬೆಳಗಾವಿಯಲ್ಲಿ ರೋಲರ್ ಸ್ಕೇಟಿಂಗ್ ಕಲಿಸುವ ಕ್ಲಬ್ಬುಗಳಿದ್ದು ಮಕ್ಕಳು ಸಪಾಟು ಅಂಗಳದಲ್ಲಿ ಗಾಲಿಗಳ ಸಮತೋಲವನ್ನು ಅಭ್ಯಾಸಮಾಡುತ್ತಾರೆ. ಸಮತೋಲಕ್ಕೂ ಜೀಕುವ ತಾಳಕ್ಕೂ ಇಲ್ಲಿ ಕೊರತೆಯಿಲ್ಲ. ಬಾಗಿದ ಗೋಡೆಯ ಕೊರತೆ. ಬ್ರಾಜಿಲಿನ ಗಿ ಕುರಿ ಎಂಬ ಬಾಲಕನು 2020ರ ಮೇ ತಿಂಗಳಿನಲ್ಲಿ, ಮಹಾಮಾರಿಯಿಂದ ಶಾಲೆಗಳು ಮುಚ್ಚಿದ್ದಾಗ, ತನ್ನ 11ನೆಯ ವಯಸ್ಸಿನಲ್ಲಿ ಅರ್ಧನಳಿಗೆಯ ಮೇಲೆ 1080 ಅಂಶಗಳನ್ನು, ಎಂದರೆ ಮೂರು ಪೂರ್ಣ ಸುತ್ತುಗಳನ್ನು, ತಿರುಗಿ ಇಳಿದನು. ಆ ಅರ್ಧನಳಿಗೆ ಇದ್ದುದು ಕುರಿಟೀಬಾ ನಗರದಲ್ಲಿ, ಅವನ ಅಜ್ಜಿಯ ಮನೆಯಲ್ಲಿ.